ಕುಂಗ್‌ಫು ಎಂದರೆ ಪುರುಸೊತ್ತು

ಮಕ್ಕಳಿಗೆಂದು ಹೊರಬಂದ ಒಂದು ಪದಕೋಶಕ್ಕೆ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಕೆಲವು ನೂರು ಪದಗಳ ಅರ್ಥ ಬರೆದುಕೊಟ್ಟಿದ್ದೆ. 'ಕ' ಅಕ್ಷರ ನನ್ನ ಪಾಲಿಗೆ ಬಂದಿತ್ತು. ಕುಂಕುಮ, ಕುಂಚ, ಕುಂಟೆ, ಕುಂಬಾರ ಎಂದು ಬರೆದುಕೊಂಡು ಹೋಗುವಾಗ ಸಂಪಾದಕರ ಪಟ್ಟಿಯಲ್ಲಿ ಕುಂಕುಮಕ್ಕೂ ಕುಂಚಕ್ಕೂ ನಡುವೆ 'ಕುಂಗ್‌ಫು' ಎಂಬ ಮಾತು ಕಂಡಿತು. ಈಗಿನ ಮಕ್ಕಳು ಕೇಳುವ ಶಬ್ದ, ಬಿಡಬಾರದು ಎಂದು ಅವರ ಅಭಿಪ್ರಾಯ. ಕುಂಬಾರನ ಬಗ್ಗೆ ನಾನು ಎಂಟು ಸಾಲು ಬರೆದಿದ್ದೆ. ಅದಕ್ಕಾಗಿ ನಮ್ಮೂರ ಕುಂಬಾರಗೇರಿಗೆ ಹೋಗಿ ಒಂದು ಬೆಳಗ್ಗೆಯೆಲ್ಲ ಕೂತು ಬಂದಿದ್ದೆ. ಕುಂಗ್‌ಫುವಿಗೆ ಬರೆದದ್ದು ಇಷ್ಟೇ: 'ಚೀನೀಯರ ಬರಿಗೈ ಹೊಡೆದಾಟದ ವಿದ್ಯೆ.' ಬರೆಯಲು ಒಂದು ನಿಮಿಷವೂ ಹಿಡಿದಿರಲಾರದು. ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್' ಚಿತ್ರವನ್ನು ಕಾಲೇಜಿನ ದಿನಗಳಲ್ಲಿ ಎರಡು ಸಲ ನೋಡಿದ್ದವನಿಗೆ ಇದರಲ್ಲಿ ಅನುಮಾನಪಡುವಂಥದ್ದೇನೂ ಇದೆಯೆಂದು ಅನ್ನಿಸಿರಲಿಲ್ಲ.

ಆ ಒಂದು ಸಾಲು ನನ್ನನ್ನು ಅಣಕಿಸಲು ತೊಡಗಿದ್ದು ನನ್ನ ಸೋದರಳಿಯ ಕೆಲಸದ ಮೇಲೆ ಬೀಜಿಂಗಿಗೆ ಹೋಗಿ ಎರಡು ವರ್ಷ ಇದ್ದು ಬಂದ ಮೇಲೆ. ಅವನ ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಒಂದು ದಿನ ನಲ್ಲಿ ಸೋರುತ್ತಿದೆ, ಬಂದು ನೋಡಿ ಎಂದು ಇವನು ತನ್ನ ಹರಕು ಚೀನಿಯಲ್ಲಿ ಕೇಳಿಕೊಂಡನಂತೆ. ಅಜ್ಜಿ ಕೈಯಾಡಿಸಿ, 'ಇವತ್ತು ನನಗೆ ಕುಂಗ್‌ಫು ಇಲ್ಲ' ಎಂದರಂತೆ. ಇವನಿಗೆ ನಗು ತಡೆಯಲಾಗಲಿಲ್ಲ. ನಲ್ಲಿ ಸರಿ ಮಾಡುವುದಕ್ಕೆ ಕುಂಗ್‌ಫು ಯಾಕೆ? ಆಫೀಸಿನಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಅಜ್ಜಿ ಹೇಳಿದ್ದು 'ಇವತ್ತು ಪುರುಸೊತ್ತಿಲ್ಲ' ಎಂದು. 'ಮಾವ, ನೀವು ಪದಕೋಶದಲ್ಲಿ ಬರೆದದ್ದು ತಪ್ಪು ಅನ್ನಲ್ಲ. ಆದರೆ ನೀವು ಆ ಅಜ್ಜಿಯ ನಲ್ಲಿಯನ್ನು ಬಿಟ್ಟುಬಿಟ್ಟಿದ್ದೀರಿ' ಎಂದ. ಹುಡುಗ ಎಂಜಿನಿಯರು; ಮಾತು ಮಾತ್ರ ನಮ್ಮ ಮನೆಯದು.

ಪುರುಸೊತ್ತು! ಪಾರಸಿಯ ಮೂಲಕ ಬಂದು ನಮ್ಮ ಅಡುಗೆಮನೆಯವರೆಗೂ ಹೊಕ್ಕ ಈ ಶಬ್ದ ಒಂದು ಹೊಡೆದಾಟದ ವಿದ್ಯೆಗೆ ಹೆಸರಾಗಿದ್ದರೆ ಹೇಗಿರುತ್ತಿತ್ತು ಎಂದು ಆ ರಾತ್ರಿ ಯೋಚಿಸುತ್ತ ಮಲಗಿದೆ. 'ಅವನು ಪುರುಸೊತ್ತಿನಲ್ಲಿ ಭಾರಿ ಪಂಟ, ಹತ್ತು ಜನರನ್ನು ಹೊಡೆದು ಹಾಕುತ್ತಾನೆ.' ತಮಾಷೆಯಾಗಿಯೇ ಇತ್ತು. ಬೆಳಗಾಗುವಷ್ಟರಲ್ಲಿ ತಮಾಷೆ ಹೋಗಿ ಕಿರಿಕಿರಿ ಉಳಿದಿತ್ತು. ಅಂದಿನಿಂದ ಈ ಶಬ್ದದ ಬೆನ್ನು ಹತ್ತಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಚೀನೀ ಭಾಷೆ ನನಗೆ ಬರುವುದಿಲ್ಲ. ಓದಿದ್ದೆಲ್ಲ ಬೇರೆಯವರ ಕಣ್ಣಿನಿಂದ. ಓದುಗರು ಅದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನದನ್ನು ಕೇಳಬೇಕು.

ಮೊದಲು ಉಚ್ಚಾರದ ಮಾತು. ಈಗಿನ ಚೀನೀ ಸರ್ಕಾರದ ರೋಮನ್ ಲಿಪಿಯ ಪದ್ಧತಿಯಲ್ಲಿ ಈ ಶಬ್ದವನ್ನು ಗಕಾರದಿಂದ ಬರೆಯುತ್ತಾರೆ. ಆದ್ದರಿಂದ ಅದು 'ಗೊಂಗ್‌ಫು', ಕನ್ನಡದವರು ಕುಂಗ್‌ಫು ಎನ್ನುವುದು ತಪ್ಪು ಎಂದು ತಿದ್ದುವವರಿದ್ದಾರೆ. ವಿಷಯ ತಿರುಗುಮುರುಗು. ಚೀನೀಯರ ಆ ಧ್ವನಿ ಘೋಷವಲ್ಲ. ಮಹಾಪ್ರಾಣವಿಲ್ಲದ ನಮ್ಮ 'ಕ'ದಂಥದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ವೇಡ್ ಎಂಬ ಇಂಗ್ಲಿಷಿನವನು ರೂಪಿಸಿದ ಹಳೆಯ ಪದ್ಧತಿ ಅಲ್ಪಪ್ರಾಣಕ್ಕೆ ಬರಿಯ ಕಕಾರವನ್ನೂ ಮಹಾಪ್ರಾಣಕ್ಕೆ ಅದರ ಪಕ್ಕ ಒಂದು ಸಣ್ಣ ಗುರುತನ್ನೂ ಇಟ್ಟಿತ್ತು. ಇಂಗ್ಲಿಷರ ನಾಲಿಗೆಯಲ್ಲಿ ಪದದ ಮೊದಲ ಕಕಾರ ತಾನಾಗಿಯೇ ಖಕಾರವಾಗುತ್ತದೆ, ಅದು ಅವರ ಕರ್ಮ. ಕ-ಖಗಳನ್ನು ಮೊದಲನೆಯ ತರಗತಿಯಲ್ಲೇ ಬೇರೆ ಮಾಡಲು ಕಲಿಯುವ ನಾವು, ಇಂಗ್ಲಿಷ್ ಕಾಗುಣಿತವನ್ನು ಕುರುಡಾಗಿ ನಂಬಿ, ಆಕಸ್ಮಿಕವಾಗಿ ಮೂಲಕ್ಕೆ ಹತ್ತಿರ ಹೋಗಿ ನಿಂತಿದ್ದೇವೆ. ಇಷ್ಟಾದರೂ ಸಮಾಧಾನ ನನಗೆ ಬೇಕಿತ್ತು.

ಅರ್ಥಕ್ಕೆ ಬಂದರೆ ಇಷ್ಟು ಸುಲಭವಿಲ್ಲ. ಶಬ್ದ ಎರಡು ಅಕ್ಷರಗಳದ್ದು. 'ಕುಂಗ್' ಎಂದರೆ ಪಟ್ಟ ಶ್ರಮ ಮತ್ತು ಅದರಿಂದ ಕೈಗೂಡಿದ್ದು. ಈ ಅಕ್ಷರದ ಒಂದು ಬದಿಯಲ್ಲಿ ಕೆಲಸವೆಂಬ ಗುರುತು, ಇನ್ನೊಂದು ಬದಿಯಲ್ಲಿ ಬಲವೆಂಬ ಗುರುತು ಇದೆ. 'ಫು' ಎಂದರೆ ಆಳು, ಗಂಡಸು. ಇದೇ ಶಬ್ದವನ್ನು ಬಲದ ಗುರುತು ಬಿಟ್ಟು, ಬರಿಯ ಕೆಲಸದ ಅಕ್ಷರದಿಂದ ಬರೆಯುವ ಇನ್ನೊಂದು ರೂಢಿಯೂ ಇದೆ. ಹಿಂದೆ ಎರಡನ್ನೂ ಒಂದರ ಬದಲಿಗೆ ಒಂದು ಬಳಸುತ್ತಿದ್ದರು. ಈಗ ಮಾತ್ರ ಸಮಯ, ಪುರುಸೊತ್ತು ಎಂಬಲ್ಲಿ ಬಲವಿಲ್ಲದ ರೂಪವನ್ನೂ ನೈಪುಣ್ಯ, ಕಾಳಗ ಎಂಬಲ್ಲಿ ಬಲವುಳ್ಳ ರೂಪವನ್ನೂ ಇಡುವುದು ಹೆಚ್ಚು. ಕ್ಯಾಂಟನ್ ಕಡೆಯ ಆಡುಮಾತಿನಲ್ಲಿ 'ಕುಂಗ್‌ಫು ಮಾಡುವುದು' ಎಂದರೆ ದುಡಿಮೆಗೆ ಹೋಗುವುದು. ಹೀಗೆ ಒಂದೇ ಶಬ್ದದಲ್ಲಿ ದುಡಿಮೆ, ದುಡಿಮೆಗೆ ಹಿಡಿಯುವ ಹೊತ್ತು, ಆ ಹೊತ್ತು ಕಳೆದ ಮೇಲೆ ಕೈಯಲ್ಲಿ ಉಳಿಯುವ ಪಳಗುವಿಕೆ ಮೂರೂ ಒಟ್ಟಿಗೆ ಇವೆ. ಮೂರನ್ನೂ ಹಿಡಿಯುವ ಒಂದೇ ಶಬ್ದ ನಮ್ಮಲ್ಲಿದೆಯೇ ಎಂದು ಹುಡುಕಿದ್ದೇನೆ. ಅದರ ಮಾತು ಆಮೇಲೆ.

ಈ ಅರ್ಥ ಪಂಡಿತರ ಕಪಾಟಿನಲ್ಲಿ ಮಾತ್ರ ಇರುವಂಥದ್ದಲ್ಲ. ಗ್ವಾಂಗ್‌ಡಾಂಗ್ ಪ್ರಾಂತದ ಚಾವ್‌ಜೌ ಕಡೆ 'ಕುಂಗ್‌ಫು ಚಹಾ' ಎಂಬುದಿದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಮಣ್ಣಿನ ಗಿಂಡಿ, ಎರಡು ಗುಟುಕಿಗೆ ಮುಗಿಯುವ ಬಟ್ಟಲುಗಳು, ಗಿಂಡಿ ತುಂಬುವಷ್ಟು ಸೊಪ್ಪು, ಮತ್ತೆ ಮತ್ತೆ ಕುದಿನೀರು ಹೊಯ್ದು ಒಂದೇ ಸೊಪ್ಪಿನಿಂದ ಹಲವು ಸುತ್ತು ಇಳಿಸುವ ಕ್ರಮ. ಮೊದಲ ಸುತ್ತಿನ ರುಚಿ ಮೂರನೆಯದಕ್ಕೆ ಇರುವುದಿಲ್ಲ. ಇಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ. ಹೊತ್ತು ಹಿಡಿಯುವ, ಕೈ ಪಳಗಿರಬೇಕಾದ ಚಹಾ ಎಂದಷ್ಟೇ ಅರ್ಥ. ಶ್ರಮವಹಿಸಿ ತಯಾರಿಸಿದ ಒಂದು ಜಾತಿಯ ಕಪ್ಪು ಚಹಾಕ್ಕೂ ಇದೇ ಹೆಸರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಇಂಗ್ಲಿಷ್ ಚಹಾ ವ್ಯಾಪಾರಿಗಳು ಅದನ್ನು 'ಕಾಂಗೌ' ಎಂದು ಪೆಟ್ಟಿಗೆಗಳ ಮೇಲೆ ಬರೆದರು. ಎಂದರೆ ಬ್ರೂಸ್ ಲೀ ಹುಟ್ಟುವುದಕ್ಕೆ ಬಹಳ ಮೊದಲೇ ಲಂಡನ್ನಿನ ಹೆಂಗಸರು ಕುಂಗ್‌ಫುವನ್ನು ಹಾಲು ಸಕ್ಕರೆ ಬೆರೆಸಿ ಕುಡಿಯುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಇನ್ನೂ ಹಿಂದಕ್ಕೆ ಹೋದರೆ ಈ ಶಬ್ದ ತತ್ತ್ವಶಾಸ್ತ್ರದ ಪರಿಭಾಷೆ. ಹನ್ನೆರಡನೆಯ ಶತಮಾನದ ಜೂ ಷಿ (1130–1200) ತನ್ನ ಶಿಷ್ಯರೊಡನೆ ನಡೆಸಿದ ಮಾತುಕತೆಗಳಲ್ಲಿ ಗ್ರಂಥಗಳನ್ನು ಹೇಗೆ ಓದಬೇಕು, ಮನಸ್ಸನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬಲ್ಲೆಲ್ಲ ಕುಂಗ್‌ಫು ಬರುತ್ತದೆ. ಆಮೇಲೆ ಬಂದ ವಾಂಗ್ ಯಾಂಗ್‌ಮಿಂಗ್ (1472–1529) ಪಂಥದಲ್ಲಿ ಇದೇ ಶಬ್ದ ದೊಡ್ಡ ಜಗಳಕ್ಕೆ ಕಾರಣವಾಯಿತು. ಮನಸ್ಸಿನ ಮೂಲಸ್ವರೂಪವೇ ನಿರ್ಮಲವಾಗಿದ್ದರೆ ಅದನ್ನು ದಿನದಿನವೂ ಉಜ್ಜುವ ಕುಂಗ್‌ಫು ಏಕೆ ಬೇಕು? 1527ರಲ್ಲಿ ವಾಂಗ್ ಯುದ್ಧಕ್ಕೆ ಹೊರಡುವ ಮುನ್ನ ಅವನ ಇಬ್ಬರು ಶಿಷ್ಯರು ಒಂದು ಸೇತುವೆಯ ಮೇಲೆ ಅವನನ್ನು ನಿಲ್ಲಿಸಿ ಈ ಪ್ರಶ್ನೆ ಕೇಳಿದ್ದು ಚೀನೀ ಚಿಂತನೆಯಲ್ಲಿ ಪ್ರಸಿದ್ಧ ಪ್ರಸಂಗ. ವಾಂಗ್ ಜಿ ಎಂಬವನದು ಒಮ್ಮೆಲೇ ತಿಳಿದುಬಿಡುವ ಪಕ್ಷ. ಚ್ಯೆನ್ ಡೆಹೊಂಗ್ ಎಂಬವನದು ಉಜ್ಜುತ್ತಲೇ ಇರಬೇಕೆನ್ನುವ ಪಕ್ಷ. ಗುರು ಇಬ್ಬರನ್ನೂ ಒಪ್ಪಿಕೊಂಡ. ಸೂಕ್ಷ್ಮಬುದ್ಧಿಯವರಿಗೆ ಅದು, ಉಳಿದವರಿಗೆ ಇದು, ಇಬ್ಬರೂ ಒಬ್ಬರಿಂದೊಬ್ಬರು ಕಲಿಯಿರಿ ಎಂದ. ನಮ್ಮ ಮಠಗಳ ಜಗಲಿಯಲ್ಲಿ ಇಂದಿಗೂ ಕೇಳಬಹುದಾದ ಚರ್ಚೆ ಇದು. ಆ ಚರ್ಚೆಯ ನಡುವೆ ಕುಂಗ್‌ಫು ಎಂಬ ಶಬ್ದ ಹಾದುಹೋದರೆ ನಮಗೆ ಗಾಳಿಯಲ್ಲಿ ಹಾರುವ ಕಾಲೇ ಕಾಣುವುದು ನಮ್ಮ ಕಣ್ಣಿನ ದೋಷ.

ಹಾಗಾದರೆ ಕಾಳಗಕ್ಕೆ ಚೀನೀಯರು ಏನೆನ್ನುತ್ತಿದ್ದರು? ಹದಿನಾರನೆಯ ಶತಮಾನದ ಸೇನಾನಿ ಚಿ ಜಿಗುವಾಂಗ್ ತನ್ನ ಸೈನ್ಯಶಿಕ್ಷಣದ ಗ್ರಂಥದಲ್ಲಿ ಬರಿಗೈ ವರಸೆಗಳ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಅವನ ಶಬ್ದ 'ಚ್ವಾನ್', ಮುಷ್ಟಿ. ಯುದ್ಧಭೂಮಿಯಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಕೈಕಾಲು ಹಗುರಾಗುತ್ತವೆ ಎಂದು ಅವನೇ ಹೇಳಿಬಿಡುತ್ತಾನೆ. ಇಪ್ಪತ್ತನೆಯ ಶತಮಾನದ ಗಣರಾಜ್ಯದವರು ಇದನ್ನು 'ಕ್ವೋಶು', ರಾಷ್ಟ್ರೀಯ ಕಲೆ, ಎಂದು ಕರೆದು 1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಸಂಸ್ಥೆಯನ್ನೇ ಕಟ್ಟಿದರು. 1949ರ ಮೇಲೆ ಬಂದ ಸರ್ಕಾರ 'ವುಶು' ಎಂಬ ಹೆಸರನ್ನು ಗಟ್ಟಿ ಮಾಡಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಗಿ ಬಂದದ್ದು ವುಶುವೇ. 2023ರಲ್ಲಿ ಹಾಂಗ್‌ಜೌ ಕೂಟದಲ್ಲಿ ಮಣಿಪುರದ ರೋಶಿಬಿನಾ ದೇವಿ ಬೆಳ್ಳಿ ಗೆದ್ದಾಗ ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಬಂದದ್ದೂ ಅದೇ ಶಬ್ದ. ಸರ್ಕಾರದ ಹೆಸರು ಸಿನಿಮಾದ ಹೆಸರನ್ನು ಎಲ್ಲಿಯೂ ಸೋಲಿಸಲಾರದು ಎಂಬುದಕ್ಕೆ ಇದೊಂದು ಸಾಕ್ಷಿ: ವುಶು ಸ್ಪರ್ಧೆಗೆ ಹೋಗುವ ಹುಡುಗನ ತಾಯಿ ನೆರೆಮನೆಯಲ್ಲಿ 'ನಮ್ಮವನು ಕುಂಗ್‌ಫು ಕಲೀತಿದ್ದಾನೆ' ಎಂದೇ ಹೇಳುವುದು.

ಸಿನಿಮಾ ಈ ಶಬ್ದವನ್ನು ಗೆದ್ದುಕೊಂಡದ್ದು ಹಾಂಕಾಂಗಿನಲ್ಲಿ. ಅಲ್ಲಿ ಹಾರುವ ಖಡ್ಗವೀರರ ಅದ್ಭುತ ಕತೆಗಳಿಗೆ 'ವುಷಿಯಾ' ಎಂಬ ಬೇರೆ ಹೆಸರೇ ಇತ್ತು. ನೆಲದ ಮೇಲೆ ನಿಂತು, ನಿಜವಾದ ವರಸೆ ತೋರಿಸುವ ಕ್ಯಾಂಟನ್ ಕಡೆಯ ಚಿತ್ರಗಳು ಕುಂಗ್‌ಫು ಚಿತ್ರಗಳೆನಿಸಿದವು. 1971ರಿಂದ 1973ರೊಳಗೆ ಬ್ರೂಸ್ ಲೀ ಆ ಶಬ್ದವನ್ನು ಹೊತ್ತು ಲೋಕವನ್ನೆಲ್ಲ ಸುತ್ತಿಸಿದ. 1973ರ ಜುಲೈ 20ರಂದು ಸತ್ತಾಗ ಅವನಿಗೆ ಮೂವತ್ತೆರಡು ವರ್ಷ. ಮರುವರ್ಷ ಲಂಡನ್ನಿನಿಂದ ಒಂದು ಹಾಡು ಹೊರಟು ಇಂಗ್ಲೆಂಡು, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 'ಕುಂಗ್‌ಫು ಫೈಟಿಂಗ್' ಎಂದು ಅದರ ಹೆಸರು. ಹಾಡಿದವನು ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್. ಅದನ್ನು ಸಿದ್ಧಪಡಿಸಿದವರು ಬಿದ್ದು. ಹೌದು, ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ. ಮುಂದೆ 1980ರಲ್ಲಿ 'ಕುರ್ಬಾನಿ' ಚಿತ್ರದ ಒಂದು ಹಾಡಿನಿಂದ ನಮ್ಮ ಮದುವೆಮನೆಗಳ ಧ್ವನಿವರ್ಧಕಗಳನ್ನೆಲ್ಲ ಆಕ್ರಮಿಸಿಕೊಂಡವರು ಅವರೇ. ರಿಕಾರ್ಡಿನ ಹಿಂಬದಿಯನ್ನು ತುಂಬಿಸಲು ಏನಾದರೂ ಬೇಕಿತ್ತು, ಕೊನೆಯ ಹತ್ತು ನಿಮಿಷದಲ್ಲಿ ಹಾಡಿಸಿದ್ದು ಅದು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಡಿನಲ್ಲಿ ಚೀನಾದ ಗುರುತಿಗೆಂದು ಬರುವ ಆ ಚುಟುಕು ಸ್ವರಗುಚ್ಛವೂ ಚೀನೀಯರದ್ದಲ್ಲ. ಪಶ್ಚಿಮದ ರಂಗಭೂಮಿ, ಸಿನಿಮಾಗಳು ಬಹಳ ಹಿಂದೆಯೇ ಮಾಡಿಟ್ಟುಕೊಂಡ ಮುದ್ರೆ ಅದು.

ಬಿದ್ದು ನಮ್ಮವರೆಂಬ ಅಭಿಮಾನ ನನಗೂ ಇದೆ. ಆದರೆ ಶ್ರಮದ ಹೊತ್ತು ಎಂದು ಅರ್ಥವಿರುವ ಶಬ್ದವನ್ನು ಹತ್ತೇ ನಿಮಿಷದಲ್ಲಿ ಲೋಕಕ್ಕೆ ಹಂಚಿಬಿಟ್ಟರಲ್ಲ ಎಂದು ಒಂದು ಸಭೆಯಲ್ಲಿ ಲೇವಡಿ ಮಾಡಿದ್ದೆ. ಸಂಗೀತ ಬಲ್ಲ ಹಿರಿಯರೊಬ್ಬರು ಸಭೆ ಮುಗಿದ ಮೇಲೆ ನನ್ನನ್ನು ಹಿಡಿದು, 'ಆ ಹತ್ತು ನಿಮಿಷದ ಹಿಂದೆ ಎಷ್ಟು ವರ್ಷ ಇತ್ತು ಅಂತ ನೋಡಿದ್ರಾ ಮಾರಾಯ್ರೇ? ಬೆಂಗಳೂರಲ್ಲಿ ಗಿಟಾರ್ ಹಿಡಿದು ತಿರುಗಿದ್ದು, ಆ ಊರಿಗೆ ಹೋಗಿ ಪಾಡು ಪಟ್ಟದ್ದು?' ಎಂದರು. ಚೀನೀ ನಾಟಕದವರಲ್ಲಿ ಒಂದು ಗಾದೆ ಇದೆ: ರಂಗದ ಮೇಲೆ ಒಂದು ನಿಮಿಷ, ರಂಗದ ಕೆಳಗೆ ಹತ್ತು ವರ್ಷದ ಕುಂಗ್. ಆ ಹಿರಿಯರಿಗೆ ಈ ಗಾದೆ ಗೊತ್ತಿರಲಾರದು. ಗಾದೆ ಓದಿಕೊಂಡಿದ್ದ ನನಗೆ ಅದು ಹೊತ್ತಿಗೆ ಒದಗಲಿಲ್ಲ.

ನಾಟಕದ ಮಾತು ಬಂದದ್ದು ಒಳ್ಳೆಯದಾಯಿತು. ಬೀಜಿಂಗಿನ ಸಂಗೀತನಾಟಕದಲ್ಲಿ ನಟನಿಗೆ ನಾಲ್ಕು ಕುಂಗ್ ಇರಬೇಕು ಎನ್ನುತ್ತಾರೆ: ಹಾಡು, ಮಾತು, ಅಭಿನಯ, ಕಾಳಗ. ನಾಲ್ಕರಲ್ಲಿ ಕಾಳಗವೂ ಒಂದು ಎಂಬುದನ್ನು ಗಮನಿಸಿ. ಗರಡಿಯವರಲ್ಲಿಯೂ ಒಂದು ಮಾತಿದೆ: ವರಸೆ ಕಲಿತು ಕುಂಗ್ ಗಳಿಸದವನಿಗೆ ಮುಪ್ಪಿನಲ್ಲಿ ಉಳಿಯುವುದು ಸೊನ್ನೆ. ಇಲ್ಲಿ ವರಸೆ ಬೇರೆ, ಕುಂಗ್ ಬೇರೆ. ವರಸೆಯನ್ನು ತೋರಿಸಬಹುದು, ನೋಡಿ ಕಲಿಯಬಹುದು. ಕುಂಗ್ ಎಂದರೆ ಕುದುರೆ ಏರಿದವನಂತೆ ತೊಡೆ ಅಗಲಿಸಿ, ಮಂಡಿ ಬಗ್ಗಿಸಿ, ಅಲುಗದೆ ನಿಲ್ಲುವ ಆ ನಿಲುವು. ತೊಡೆ ನಡುಗಿ ಕಣ್ಣಲ್ಲಿ ನೀರು ಬಂದರೂ ಮರುದಿನ ಮತ್ತೆ ಅದೇ ನಿಲುವು. ನೋಡುವವರಿಗೆ ಅದರಲ್ಲಿ ನೋಡಲು ಏನೂ ಇಲ್ಲ.

ನೋಡಲು ಏನೂ ಇಲ್ಲದ್ದನ್ನು ತೋರಿಸಿಯೂ ಗೆದ್ದ ಒಂದು ಚಿತ್ರವಿದೆ. 1978ರಲ್ಲಿ ಲೌ ಕಾರ್-ಲ್ಯುಂಗ್ ನಿರ್ದೇಶಿಸಿದ 'ಶಾವೊಲಿನ್ನಿನ ಮೂವತ್ತಾರನೆಯ ಕೋಣೆ'. ನನ್ನ ಮಟ್ಟಿಗೆ ಈ ಶಬ್ದಕ್ಕೆ ಸಿನಿಮಾ ಬರೆದ ಒಳ್ಳೆಯ ಭಾಷ್ಯ ಅದು. 'ಎಂಟರ್ ದಿ ಡ್ರ್ಯಾಗನ್' ಅದರ ಮುಂದೆ ಜಾತ್ರೆಯ ಬಣ್ಣದ ಪಟ. ಮಂಚೂ ಅಧಿಕಾರಿಗಳ ಕೈಯಿಂದ ತಪ್ಪಿಸಿಕೊಂಡ ಯುವಕನೊಬ್ಬ ಸೇಡಿಗಾಗಿ ವಿದ್ಯೆ ಕಲಿಯಲು ವಿಹಾರಕ್ಕೆ ಬರುತ್ತಾನೆ. ಅಲ್ಲಿ ಮೂವತ್ತೈದು ಕೋಣೆಗಳು. ದುಡುಕಿ ಮೇಲಿನ ಕೋಣೆಯಿಂದಲೇ ಶುರು ಮಾಡುತ್ತೇನೆಂದು ಹೋಗುತ್ತಾನೆ. ಅಲ್ಲಿ ಮುದುಕರು ಕೂತು ಸೂತ್ರ ಪಠಿಸುತ್ತಿರುತ್ತಾರೆ, ಇವನಿಗೆ ತಲೆಬುಡ ತಿಳಿಯುವುದಿಲ್ಲ. ಕೆಳಗಿನ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಊಟದ ಮನೆಗೆ ಹೋಗಬೇಕಾದರೆ ನೀರಿನಲ್ಲಿ ತೇಲುವ ಮರದ ಕಟ್ಟಿನ ಮೇಲೆ ಕಾಲಿಟ್ಟು ಜಿಗಿಯಬೇಕು. ಬಿದ್ದರೆ ಒದ್ದೆ, ಊಟವಿಲ್ಲ. ಮುಂದೆ ಕೈ ಚಾಚಿ ನೀರು ಹೊರಬೇಕು. ಕೈ ಇಳಿದರೆ ತೋಳಿಗೆ ಕಟ್ಟಿದ ಚೂರಿ ಪಕ್ಕೆಗೆ ಚುಚ್ಚುತ್ತದೆ. ಚಿತ್ರದ ದೊಡ್ಡ ಪಾಲು ಇದರಲ್ಲೇ ಕಳೆಯುತ್ತದೆ. ಕಾಳಗ ಬರುವುದು ಆಮೇಲೆ, ಬಂದಾಗ ನಮಗೆ ಅದು ಚಮತ್ಕಾರ ಅನ್ನಿಸುವುದಿಲ್ಲ. ಆ ಕಾಲಿನ ಹಿಂದಿರುವ ಮರದ ಕಟ್ಟನ್ನು ನಾವು ನೋಡಿದ್ದೇವೆ. ನಿರ್ದೇಶಕನಿಗೆ ಇದು ಓದಿ ಗೊತ್ತಾದದ್ದಲ್ಲ. ತಂದೆಯಿಂದ ಮಗನಿಗೆ ಬಂದ ಗರಡಿಮನೆಯ ವಿದ್ಯೆ. ಕೊನೆಗೆ ನಾಯಕ ತನಗೆ ಬೇಕಾದ ಕೋಣೆ ಯಾವುದೆಂದು ಕೇಳಿದಾಗ ಹೊರಗಿನ ಜನಕ್ಕೆ ಕಲಿಸುವ ಮೂವತ್ತಾರನೆಯ ಕೋಣೆ ಎನ್ನುತ್ತಾನೆ.

ಈಗ ನಮ್ಮೂರ ಬಸ್ ನಿಲ್ದಾಣದ ಹಿಂದಿನ ಗೋಡೆಯ ಮೇಲಿದ್ದ ಬರಹವನ್ನು ನೆನೆಯುತ್ತೇನೆ: ಮೂರು ತಿಂಗಳಲ್ಲಿ ಕುಂಗ್‌ಫು. ಮನೆಯೊಡತಿ ಅಜ್ಜಿಯ ಅರ್ಥದಲ್ಲಿ ಓದಿದರೆ, ಪುರುಸೊತ್ತಿಲ್ಲದ ಪುರುಸೊತ್ತು. ಬರೆಸಿದವರನ್ನು ನಗುವ ಹಕ್ಕು ಒಂದೇ ನಿಮಿಷದಲ್ಲಿ ಅರ್ಥ ಬರೆದವನಿಗೆ ಎಲ್ಲಿಂದ ಬರಬೇಕು?

ಬೋಧಿಧರ್ಮನ ವಿಚಾರವನ್ನು ಬಿಟ್ಟರೆ ಓದುಗರು ಬಿಡುವುದಿಲ್ಲ. ಕುಂಗ್‌ಫುವನ್ನು ಚೀನಾಕ್ಕೆ ಕೊಟ್ಟವನು ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದರ ಮೇಲೆ 2011ರಲ್ಲಿ ತಮಿಳಿನಲ್ಲಿ ದೊಡ್ಡ ಚಿತ್ರವೇ ಬಂತು. ಅವನ ಹೆಸರಿಗೆ ಈ ವಿದ್ಯೆಯನ್ನು ಅಂಟಿಸಿದ ಸ್ನಾಯುಸಾಧನೆಯ ಗ್ರಂಥ 1624ರದ್ದೆಂದು ವಿದ್ವಾಂಸರು ತೋರಿಸಿದ್ದಾರೆ. ಅವನು ಬದುಕಿದ್ದನೆನ್ನುವ ಕಾಲಕ್ಕೂ ಅದಕ್ಕೂ ಸಾವಿರ ವರ್ಷ ಅಂತರ. ಟಾಂಗ್ ಹಾವ್ ಎಂಬ ಚೀನೀ ಇತಿಹಾಸಕಾರ 1930ರಷ್ಟು ಹಿಂದೆಯೇ ಈ ಕತೆಯನ್ನು ಬಿಚ್ಚಿಟ್ಟಿದ್ದ. ಶಾವೊಲಿನ್ನಿನ ಭಿಕ್ಷುಗಳು 621ರಲ್ಲಿ ಒಬ್ಬ ರಾಜಕುಮಾರನ ಪರವಾಗಿ ಕಾಳಗಕ್ಕಿಳಿದದ್ದಕ್ಕೆ ಶಾಸನವಿದೆ. ಅದರಲ್ಲಿ ಬೋಧಿಧರ್ಮನ ಕೈವಾಡವಿಲ್ಲ. ನಾವು ಕೊಟ್ಟೆವು ಎಂದು ಹೇಳಿಕೊಳ್ಳುವ ಚಪಲ ನಮಗೆ ಎಷ್ಟೆಂದರೆ, ಶಬ್ದದ ಅರ್ಥ ಕೇಳುವುದಕ್ಕೂ ಪುರುಸೊತ್ತಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಒಂದು ಹೊಸ ರೋಗಕ್ಕೆ ಬಿದ್ದೆ. ಯಾರಾದರೂ ಕುಂಗ್‌ಫು ಎಂದರೆ ಸಾಕು, ಅದು ಕಾಳಗವೇ ಅಲ್ಲ ಎಂದು ಪಾಠ ಶುರು ಮಾಡುತ್ತಿದ್ದೆ. ಕೆಲಸ, ಬಲ, ಆಳು ಎಂದು ಅಕ್ಷರ ಒಡೆದು ತೋರಿಸುತ್ತಿದ್ದೆ. ಅದರ ಜೊತೆಗೆ 'ವು' ಎಂಬ ಅಕ್ಷರದಲ್ಲಿ ಈಟಿಯೂ ನಿಲ್ಲಿಸುವುದೂ ಇವೆ, ಆದ್ದರಿಂದ ಚೀನೀಯರಿಗೆ ಯುದ್ಧಕಲೆ ಎಂದರೆ ಯುದ್ಧವನ್ನು ನಿಲ್ಲಿಸುವ ಕಲೆ ಎಂದು ಮುಗಿಸಿದರೆ ಸಭಿಕರು ತಲೆದೂಗುತ್ತಿದ್ದರು. ಆ ವ್ಯಾಖ್ಯಾನ ಹಳೆಯದು, ಚೂ ರಾಜನೊಬ್ಬನ ಬಾಯಲ್ಲಿ ಪ್ರಾಚೀನ ಇತಿಹಾಸಗ್ರಂಥವೇ ಇಟ್ಟದ್ದು. ಆದರೆ ಆ ಅಕ್ಷರ ಹುಟ್ಟಿದಾಗ 'ನಿಲ್ಲು' ಎಂದು ನಾವು ಓದುವ ಗುರುತು ಪಾದದ ಚಿತ್ರವಾಗಿತ್ತು ಎನ್ನುತ್ತಾರೆ ಲಿಪಿ ಬಲ್ಲವರು. ಈಟಿ ಹಿಡಿದು ನಡೆದುಹೋಗುವ ಪಾದ. ಅರ್ಥ ಪೂರ್ತಿ ಎದುರು! ನಮ್ಮ ನಿರುಕ್ತಕಾರರು ಶಬ್ದಕ್ಕೆ ಧಾತು ಹುಡುಕಿ ಬೇಕಾದ ಧರ್ಮವನ್ನು ಅದರಿಂದ ಹಿಂಡುವಂತೆಯೇ ಇದು ಕೂಡ.

ನನ್ನ ರೋಗಕ್ಕೆ ಮದ್ದು ಕೊಟ್ಟವನೂ ಸೋದರಳಿಯನೇ. 'ಮಾವ, ಆಗ ಈ ಕಡೆ ವಾಲಿದ್ರಿ, ಈಗ ಆ ಕಡೆ ವಾಲಿದ್ದೀರಿ. ಅಲ್ಲಿನ ಹುಡುಗರಿಗೂ ಕುಂಗ್‌ಫು ಅಂದ್ರೆ ಹೊಡೆದಾಟವೇ. 2004ರಲ್ಲಿ ಸ್ಟೀಫನ್ ಚೌ ಮಾಡಿದ ಸಿನಿಮಾಕ್ಕೆ ಚೀನಿಯಲ್ಲಿ ಬರೀ ಕುಂಗ್‌ಫು ಅಂತಲೇ ಹೆಸರು. ಯಾರೂ ಅದು ಚಹಾದ ಬಗ್ಗೆ ಅಂತ ತಿಳಿದು ಟಿಕೆಟ್ ತಗೊಳ್ಳಲಿಲ್ಲ' ಎಂದ. ಜಾಕಿ ಚಾನ್ ಬೀಜಿಂಗಿನಲ್ಲಿ ಹುಡುಗನಿಗೆ ಕುಂಗ್‌ಫು ಕಲಿಸುವ 2010ರ ಚಿತ್ರಕ್ಕೆ ಅಮೆರಿಕದವರು 'ಕರಾಟೆ' ಎಂಬ ಜಪಾನೀ ಹೆಸರಿಟ್ಟರೆ, ಚೀನಾದಲ್ಲಿ ಅದು 'ಕುಂಗ್‌ಫು ಕನಸು' ಎಂದಾಗಿತ್ತು. ಶಬ್ದ ಹೋಗಿ ಲೋಕ ಸುತ್ತಿ, ಹೊಸ ಅಂಗಿ ತೊಟ್ಟು, ಮನೆಗೆ ವಾಪಸು ಬಂದಿದೆ; ಮನೆಯವರು ಅದನ್ನು ಒಳಗೆ ಬಿಟ್ಟುಕೊಂಡಿದ್ದಾರೆ. ನಿಂತು ತಡೆಯಲು ನಾನು ಯಾರು? ತಪ್ಪಿದ್ದದ್ದು ಕಾಳಗ ಎಂದು ಬರೆದದ್ದರಲ್ಲಿ ಅಲ್ಲ. ಹೊತ್ತನ್ನು ಬಿಟ್ಟದ್ದರಲ್ಲಿ.

ಈ ಹೊತ್ತನ್ನು ಕನ್ನಡದಲ್ಲಿ ಎಲ್ಲಿಡುವುದು? 'ಸಾಧನೆ' ಒಳ್ಳೆಯ ಶಬ್ದವಾಗಿತ್ತು. ಸಂಗೀತಗಾರರೂ ಯೋಗಿಗಳೂ ದಿನವೂ ಮಾಡುವಂಥದ್ದು ಅದು. ಈಗ ಸರ್ಕಾರಗಳು ಜಾಹೀರಾತು ಕೊಟ್ಟು ಪಟ್ಟಿ ಮಾಡುವಂಥದ್ದಾಗಿದೆ. ಮಾಡುವುದು ಹೋಗಿ ಮಾಡಿ ಮುಗಿಸಿದ್ದು ಮಾತ್ರ ಉಳಿದಿದೆ. 'ಅಭ್ಯಾಸ' ಶಾಲೆಯ ಪಾಲಾಯಿತು. 'ತಾಲೀಮು' ನನಗೆ ಬಹಳ ಪ್ರಿಯವಾದ ಶಬ್ದ, ಅದು ಗರಡಿಯಲ್ಲಿಯೂ ಇದೆ, ನಾಟಕದ ಕಂಪನಿಯಲ್ಲಿಯೂ ಇದೆ. ಆದರೆ ತಾಲೀಮು ನಡೆಸಬಹುದು, 'ಅವನಿಗೆ ತಾಲೀಮಿದೆ' ಎಂದರೆ ಇವತ್ತು ಸಂಜೆ ಅವನು ಸಿಗುವುದಿಲ್ಲ ಎಂದಷ್ಟೇ ಅರ್ಥ. 'ಪಳಗಿದ ಕೈ' ಎನ್ನುವುದರಲ್ಲಿ ಕೈಯೂ ಇದೆ, ಕಾಲವೂ ಇದೆ. ನಾನು ಕೊನೆಗೆ ಆತುಕೊಂಡದ್ದು ಇದನ್ನೇ. ಪದಕೋಶಕ್ಕೆ ಕುಂಬಾರನ ಬಗ್ಗೆ ಬರೆಯುವಾಗ, ತಿಗರಿಯ ಮೇಲೆ ಮಣ್ಣಿಟ್ಟು ಹೆಬ್ಬೆರಳು ಒತ್ತಿ ಬಾಯಿ ತೆರೆಯುವ ಹದ ಬರಲು ಎಷ್ಟು ಕಾಲ ಬೇಕಾಯಿತು ಎಂದು ಆ ಮುದುಕನನ್ನು ಕೇಳಿದ್ದೆ. 'ಇನ್ನೂ ಬರ್ತಾ ಇದೆ ಸ್ವಾಮಿ' ಎಂದಿದ್ದ. ಆ ಮಾತನ್ನು ಜಾಗ ಸಾಲದೆಂದು ಕುಂಬಾರನ ಎಂಟು ಸಾಲಿನಿಂದಲೂ ಬಿಟ್ಟಿದ್ದೆ.

ಕಳೆದ ವರ್ಷ ಪದಕೋಶದ ಹೊಸ ಮುದ್ರಣ ತರುವುದಾಗಿ ಹೇಳಿ, ತಿದ್ದುಪಡಿಗಳಿದ್ದರೆ ಕಳಿಸಿ ಎಂದು ಫೋನು ಬಂತು. ಒಂದೇ ಇದೆ ಎಂದು ಹೇಳಿ ಬರೆಯಲು ಕೂತೆ. ಎರಡು ವಾರ ಹಿಡಿಯಿತು. ಕೊನೆಗೆ ಕಳಿಸಿದ್ದು ಇದು: 'ಕುಂಗ್‌ಫು: ಚೀನೀ ಶಬ್ದ. 1. ಬಿಡುವು, ಪುರುಸೊತ್ತು. 2. ಒಂದು ಕೆಲಸಕ್ಕೆ ಹಾಕಿದ ಹೊತ್ತು ಮತ್ತು ಶ್ರಮ. 3. ಅದರಿಂದ ಕೈ ಪಳಗುವುದು. ಅಡುಗೆ, ಚಹಾ, ಬರವಣಿಗೆ, ಹಾಡು ಯಾವುದಕ್ಕೂ ಹೇಳಬಹುದು. 4. ಹಾಗೆ ಪಳಗಿದವರ ಬರಿಗೈ ಕಾಳಗ. ಸಿನಿಮಾದಿಂದ ಈ ಅರ್ಥವೇ ಪ್ರಸಿದ್ಧ. ಕುಂಬಾರ ನೋಡಿ.'

ಮೂರನೆಯ ದಿನ ಆ ಕಡೆಯ ಹುಡುಗಿ ಫೋನು ಮಾಡಿದಳು. 'ಸಾರ್, ಎಲ್ಲ ಸರಿ ಇದೆ. ಕೊನೆಯಲ್ಲಿ ಕುಂಬಾರ ನೋಡಿ ಅಂತ ಬಂದಿದೆ. ಅದು ಬೇರೆ ಕಾರ್ಡಿನದು ಸೇರಿಹೋಗಿದೆ ಅನ್ನಿಸುತ್ತೆ. ತೆಗೆದುಬಿಡಲಾ?'

ಸೇರಿಹೋದದ್ದಲ್ಲ, ಇರಲಿ ಎಂದೆ. ಯಾಕೆಂದು ಕೇಳಿದಳು. ಪುರುಸೊತ್ತಿದೆಯೇನಮ್ಮ ಎಂದೆ. ಇದೆ, ಹೇಳಿ ಸಾರ್ ಎಂದಳು.